ಒಂಬತ್ತನೆಯದು ಇನ್ನೂ ಬಂದಿಲ್ಲ

ಆ ಚಳಿಗಾಲದ ಬೆಳಗುಗಳಲ್ಲಿ ಮಲ್ಲೇಶ್ವರಂ ನನಗೆ ಊರಿನ ಹಾಗೆ ಕಾಣುತ್ತಿರಲಿಲ್ಲ. ಹೊಸದಾಗಿ ಎದ್ದ ಅಪಾರ್ಟ್‌ಮೆಂಟುಗಳು ಗುಡ್ಡಗಳಾಗಿ, ಅವುಗಳ ಸಂದಿಯಲ್ಲಿ ಉಳಿದುಕೊಂಡ ಹೆಂಚಿನ ಮನೆಗಳು ಕಣಿವೆಯಾಗಿ, ಕ್ರಾಸುಗಳೆಲ್ಲ ನೀರಿಲ್ಲದ ಹಳ್ಳಗಳಾಗಿ ಕಾಣುತ್ತಿದ್ದವು. ಆರು ಗಂಟೆಗೆ, ಹಾಲಿನ ಬೂತಿನ ಮುಂದೆ ಇನ್ನೂ ದೀಪ ಉರಿಯುತ್ತಿರುವಾಗಲೇ, ನಾನು ಹೆಗಲಿಗೆ ರೇಡಿಯೊ ಸೆಟ್ ನೇತುಹಾಕಿಕೊಂಡು ಮಂಜಿನೊಳಗೆ ನಡೆಯುತ್ತಿದ್ದೆ. ವಾಕಿಂಗಿಗೆ ಬಂದವರು ನನ್ನನ್ನು ಒಂದು ಸಲ ನೋಡಿ ಸುಮ್ಮನಾಗುತ್ತಿದ್ದರು. ಬಿಬಿಎಂಪಿ ಸರ್ವೆಯವಳು ಎಂದುಕೊಂಡಿದ್ದರೇನೋ.

ಸೈನ್ಯದವರು ಬರಹದಲ್ಲಿ ಸಂದೇಶ ಕಳಿಸಿಕೊಳ್ಳಲು ಒಂದು ಏರ್ಪಾಡು ಮಾಡಿಕೊಡುವುದು ನಮ್ಮ ಸಣ್ಣ ಕಚೇರಿಯ ಕೆಲಸವಾಗಿತ್ತು. ನಾವು ಫೋನಿನಲ್ಲಿ ಕಳಿಸುವ ಮೆಸೇಜು ಎಲ್ಲೋ ದೂರದ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ತಿರುಗಿ ಪಕ್ಕದ ಮನೆಯವರಿಗೆ ಬರುತ್ತದೆ. ತುಕಡಿಗಳು ಓಡಾಡುವ ಕಡೆ ಟವರ್ ಇರುವುದಿಲ್ಲ, ನಡುವೆ ನಿಂತು ಹಂಚುವ ಕಂಪ್ಯೂಟರನ್ನು ಇಡುವ ಹಾಗೂ ಇಲ್ಲ. ಅದೊಂದು ಹಾಳಾದರೆ ಎಲ್ಲರೂ ಮೂಕರಾಗುತ್ತಾರೆ. ಹಾಗಾಗಿ ನಮ್ಮ ಏರ್ಪಾಡಿನಲ್ಲಿ ಯಜಮಾನ ಸೆಟ್ ಅಂತ ಯಾವುದೂ ಇರಲಿಲ್ಲ. ಎರಡು ಸೆಟ್ಟುಗಳು ಹತ್ತಿರ ಬಂದಾಗ ಮೊದಲು ತಮ್ಮಲ್ಲಿರುವ ಸಂದೇಶಗಳ ಪಟ್ಟಿ ಹೇಳಿಕೊಳ್ಳುತ್ತವೆ. ಒಂದರಲ್ಲಿ ಇಲ್ಲದ್ದನ್ನು ಇನ್ನೊಂದರಿಂದ ಕೇಳಿ ತೆಗೆದುಕೊಳ್ಳುತ್ತವೆ. ಆಮೇಲೆ ದೂರವಾಗುತ್ತವೆ. ಸಂದೇಶ ಯಾರದು, ಯಾರಿಗೆ ಎಂಬುದು ಹೊತ್ತವನಿಗೆ ಗೊತ್ತಿರಬೇಕಾಗಿಲ್ಲ. ಜನ ನಡೆದಂತೆ ಅದೂ ನಡೆಯುತ್ತದೆ, ಜನ ನಿಂತರೆ ಅದೂ ನಿಲ್ಲುತ್ತದೆ.

ಪರೀಕ್ಷೆಗೆ ಪ್ರತಿ ಸಲ ಗುಡ್ಡಗಾಡಿಗೆ ಹೋಗುವುದಕ್ಕಾಗುತ್ತದೆಯೇ? ಯಾರಿಗೂ ತೊಂದರೆಯಾಗದ ತರಂಗದಲ್ಲಿ, ಸೆಟ್ಟುಗಳ ಶಕ್ತಿ ತೀರಾ ಇಳಿಸಿ, ಮಲ್ಲೇಶ್ವರಂನಲ್ಲೇ ಓಡಾಡುತ್ತಿದ್ದೆವು. ಆಗ ಒಂದು ಸೆಟ್ಟಿನ ದನಿ ಎರಡು ಕ್ರಾಸ್ ಆಚೆಗೆ ಕೇಳುತ್ತಿರಲಿಲ್ಲ. ಒಂದು ಸೆಟ್ ಪರಿಚಯದವರ ಆಟೋದಲ್ಲಿ ಸುತ್ತುತ್ತಿತ್ತು. ಒಂದು ಎಂಟನೇ ಕ್ರಾಸಿನ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಹೆಂಗಸಿನ ಬಳಿ, ಗೋಣಿಚೀಲದ ಪಕ್ಕದಲ್ಲಿ ಇರುತ್ತಿತ್ತು. ಕದಲದ ಸೆಟ್ ಒಂದು ಬೇಕಿತ್ತು, ಆಕೆಯಷ್ಟು ಕದಲದೆ ಕೂರುವವರು ಆ ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ. ಆಕೆಯದು ಹಳೆಯ ಮಾದರಿಯ ಸೆಟ್. ಅದರ ಬೆರಳುದ್ದದ ಪರದೆಯಲ್ಲಿ ಕೊನೆಗೆ ಬಂದ ಸಂದೇಶ ಮಾತ್ರ ಕಾಣುತ್ತಿತ್ತು.

ಈ ಓಡಾಟಕ್ಕೆಲ್ಲ ಗುರು ಅಂದರೆ ಸುಬೇದಾರರು. ಸೈನ್ಯದಲ್ಲಿ ಜೀವಮಾನವೆಲ್ಲ ರೇಡಿಯೊ ಹಿಡಿದು ನಿವೃತ್ತರಾದವರು. ಚಾಮರಾಜಪೇಟೆಯಿಂದ ಮೊದಲ ಬಸ್ಸಿಗೆ ಬಂದು, ಹನ್ನೊಂದನೇ ಕ್ರಾಸಿನ ನಮ್ಮ ಮಹಡಿ ಕಚೇರಿಯ ಬೀಗ ತೆಗೆಯುವ ಮುಂಚೆಯೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಮೊಬೈಲುಗಳನ್ನೆಲ್ಲ ಕಚೇರಿಯ ಡ್ರಾಯರಿನಲ್ಲಿ ಇಟ್ಟೇ ಹೊರಡಬೇಕು ಎಂಬ ನಿಯಮ ಅವರದೇ.

“ಜೇಬಲ್ಲಿ ಫೋನ್ ಇದ್ರೆ ಈ ಸೆಟ್ನ ಯಾರೂ ನಂಬಲ್ಲಮ್ಮ. ನಂಬದೆ ಇರೋದನ್ನ ಪರೀಕ್ಷೆ ಮಾಡಕ್ಕಾಗಲ್ಲ,” ಅನ್ನುತ್ತಿದ್ದರು.

ಅವರು ಹೇಳಿದ್ದು ನಿಜವೇ ಇತ್ತು. ಫೋನಿಲ್ಲದೆ ನಡೆದಾಗ ಹೊತ್ತು ಬೇರೆ ತರಹ ಸಾಗುತ್ತಿತ್ತು. ಎಲ್ಲೋ ಒಂದು ಸಂದೇಶ ಹೊರಟಿದೆ, ಮಂಜಿನಲ್ಲಿ ಯಾರದೋ ಹೆಗಲೇರಿ ಬರುತ್ತಿದೆ, ಯಾವ ತಿರುವಿನಲ್ಲಿ ಸಿಗುತ್ತದೋ ಗೊತ್ತಿಲ್ಲ ಎಂಬ ನಿರೀಕ್ಷೆಯಲ್ಲೇ ಕಾಲುಗಳು ತಾವಾಗಿ ನಡೆಯುತ್ತಿದ್ದವು. ಸಂಪಿಗೆ ರಸ್ತೆಯ ಸದ್ದೂ ನೀರಿನೊಳಗಿಂದ ಕೇಳಿದ ಹಾಗೆ ಕೇಳುತ್ತಿತ್ತು. ಅರ್ಧ ಎಚ್ಚರ, ಅರ್ಧ ನಿದ್ದೆ.

ಕಚೇರಿಯ ಗೋಡೆಗೆ ಒಂದು ದೊಡ್ಡ ಪರದೆ ಇತ್ತು. ಬಂದ ಸಂದೇಶಗಳೆಲ್ಲ ಅದರ ಮೇಲೆ, ಕಳಿಸಿದ ಸಮಯದ ಪ್ರಕಾರ ತಾವೇ ಜೋಡಿಸಿಕೊಳ್ಳುತ್ತಿದ್ದವು. ಹೊಸದು ಮೇಲೆ, ಹಳೆಯದು ಕೆಳಗೆ. ಆ ಜೋಡಣೆಯ ಭಾಗ ಬರೆದವಳು ನಾನು. ಯಾವ ದಾರಿಯಲ್ಲಿ ಎಷ್ಟು ತಡವಾಗಿ ಬಂದರೂ ಪ್ರತಿ ಸಂದೇಶ ತನ್ನ ಜಾಗಕ್ಕೆ ಹೋಗಿ ಕೂರುವುದನ್ನು ನೋಡುವಾಗ ನನಗೆ ಒಂಥರಾ ಹೆಮ್ಮೆಯಾಗುತ್ತಿತ್ತು. ನಮ್ಮ ಮುಖ್ಯಸ್ಥರಿಗಂತೂ ಆ ಪರದೆ ಎಂದರೆ ಪ್ರಾಣ. ಯಾರು ಬಂದರೂ ಮೊದಲು ಅದರ ಮುಂದೆ ಕರೆತಂದು ನಿಲ್ಲಿಸುತ್ತಿದ್ದರು. ಸೈನ್ಯದ ಸಮಿತಿಯ ಮುಂದೆ ಪ್ರಯೋಗ ತೋರಿಸುವುದಕ್ಕೆ ಆಗ ಒಂದು ತಿಂಗಳೂ ಉಳಿದಿರಲಿಲ್ಲ.

ಆ ದಿನ ಸುಬೇದಾರರು ಶೇಷಾದ್ರಿಪುರಂ ಕಡೆಗೆ ಹೊರಟರು. ರೈಲ್ವೆ ಹಳಿಯ ಆಚೆ ಹೋಗಿ, ನಮ್ಮೆಲ್ಲರಿಂದ ಪೂರ್ತಿ ಕಡಿದುಹೋಗಿ, ಅಲ್ಲಿಂದ ಸಂದೇಶ ಕಳಿಸಬೇಕು. ಆಟೋ ಆ ಕಡೆ ಹಾದಾಗ ಅದು ಹೇಗೆ ನಮ್ಮನ್ನು ತಲುಪುತ್ತದೆ ಎಂದು ನೋಡಬೇಕು. ನಾನು ನನ್ನ ಸುತ್ತು ಮುಗಿಸಿ ಎಂಟೂವರೆಗೆ ಕಚೇರಿಗೆ ಬಂದು ಕಾಫಿ ಹಿಡಿದು ಪರದೆಯ ಮುಂದೆ ಕೂತೆ. ಸಂದೇಶಗಳು ಒಂದೊಂದಾಗಿ ಮೇಲೆ ಬರುತ್ತಿದ್ದವು. ಸುಬೇದಾರರದು ಮಾತ್ರ ಯಾವುದೂ ಇಲ್ಲ. ಹಳಿಯ ಆಚೆ ಆಟೋಗೆ ಸಿಕ್ಕಿಲ್ಲ, ಅದೇ ತಾನೇ ಪರೀಕ್ಷೆ ಎಂದುಕೊಂಡೆ. ಒಂಬತ್ತರ ಸುಮಾರಿಗೆ ಉಳಿದವರ ಸುತ್ತು ಮುಗಿದು ಹೊಸದು ಬರುವುದೂ ನಿಂತಿತು. ಒಂಬತ್ತೂವರೆಯಾಯಿತು. ಹತ್ತಾಯಿತು. ಕಿಟಕಿಯ ಹೊರಗೆ ಮಂಜು ಕರಗಿ ಬಿಸಿಲು ಬಂದಿತ್ತು. ನನಗೆ ಯಾವ ಅವಸರವೂ ಅನಿಸಲಿಲ್ಲ.

ಹತ್ತೂ ಕಾಲಿನ ಹೊತ್ತಿಗೆ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಸೊಪ್ಪಿನ ಹೆಂಗಸು. ಆಕೆ ಅಂಗಡಿ ಬಿಟ್ಟು ಎದ್ದು ಬಂದದ್ದನ್ನು ನಾನು ಆವರೆಗೆ ನೋಡಿರಲಿಲ್ಲ. ಸೆಟ್ಟನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದಳು.

“ಅಮ್ಮಾ, ಯಾಪಾರ ಜೋರಾಗಿತ್ತು, ನೋಡಿರ್ನಿಲ್ಲ. ಈಗ ನೋಡ್ದೆ. ನಿಮ್ಮ ಮಿಲ್ಟ್ರಿ ಯಜಮಾನ್ರು ಏನೋ ಬರ್ದವ್ರೆ. ಇದು ಆಟದ ಮೆಸೇಜಾ, ನಿಜದ್ದಾ?”

ಆಕೆಯ ಸೆಟ್ಟಿನ ಪರದೆಯ ಮೇಲೆ ಇದ್ದದ್ದು ಇಷ್ಟು: ಕೂತಿದ್ದೀನಿ. ಏಳೋಕಾಗ್ತಿಲ್ಲ. ಹಳಿ ಪಕ್ಕದ ಓಣಿ, ಬೀಗ ಹಾಕಿದ ಮನೆ ಜಗಲಿ.

ನಾನು ಗೋಡೆಯ ಪರದೆಯತ್ತ ತಿರುಗಿದೆ. ಅಲ್ಲಿ ಅದು ಇರಲಿಲ್ಲ. ಕೆಳಕ್ಕೆ ಸರಿಸಿದೆ, ಇನ್ನೂ ಕೆಳಕ್ಕೆ. ನಿನ್ನೆಯವು, ಮೊನ್ನೆಯವು, ಹೋದ ವಾರದವು ದಾಟಿದವು. ಎಲ್ಲಕ್ಕಿಂತ ಕೆಳಗೆ, ನಮ್ಮ ಮೊಟ್ಟಮೊದಲ ಪರೀಕ್ಷೆಯ ಸಂದೇಶಕ್ಕಿಂತಲೂ ಕೆಳಗೆ ಸುಬೇದಾರರ ಮಾತು ಕೂತಿತ್ತು. ಆಮೇಲೆ ತಿಳಿಯಿತು, ಬ್ಯಾಟರಿ ಸಡಿಲವಾಯಿತೆಂದು ಅವರು ಅದನ್ನು ಒಮ್ಮೆ ತೆಗೆದು ಹಾಕಿದ್ದರು. ಸೆಟ್ಟಿನ ಗಡಿಯಾರ ಅದು ಹುಟ್ಟಿದ ದಿನಕ್ಕೆ ಹೋಗಿಬಿಟ್ಟಿತ್ತು. ಉಪಗ್ರಹದಿಂದ ಸಮಯ ಸರಿಪಡಿಸಿಕೊಳ್ಳುವುದನ್ನು ನಾವೇ ಬಂದ್ ಮಾಡಿದ್ದೆವು, ಯುದ್ಧದ ಜಾಗದಲ್ಲಿ ಅದನ್ನು ನೆಚ್ಚುವ ಹಾಗಿಲ್ಲ ಎಂದು. ಸಂದೇಶ ಆಟೋ ಹತ್ತಿ, ಮಾರ್ಕೆಟ್ ಮುಟ್ಟಿ, ಇಪ್ಪತ್ತೇ ನಿಮಿಷದಲ್ಲಿ ನಮ್ಮ ಗೋಡೆಗೆ ಬಂದಿತ್ತು. ಬಂದದ್ದನ್ನು ನಾನು ಬರೆದ ಜೋಡಣೆ ಅಚ್ಚುಕಟ್ಟಾಗಿ ಪಾತಾಳಕ್ಕೆ ಇಳಿಸಿತ್ತು. ಅದರ ಮುಂದೆಯೇ ಕೂತು ನಾನು ಕಾಫಿ ಕುಡಿದಿದ್ದೆ.

ಆಟೋ ಹಿಡಿದು ಹೋದೆವು. ಸೊಪ್ಪಿನ ಹೆಂಗಸೂ ಬಂದಳು. ಹಳಿಯ ಪಕ್ಕದ ಓಣಿಯಲ್ಲಿ ಹೊಂಗೆ ಮರದ ಕೆಳಗೆ ಒಂದು ಹಳೆಯ ಮನೆ. ಜಗಲಿಯ ಕಂಬಕ್ಕೆ ಒರಗಿ ಸುಬೇದಾರರು ಕೂತಿದ್ದರು. ಅಂಗಿಯೆಲ್ಲ ಬೆವತು ಒದ್ದೆಯಾಗಿತ್ತು. ಕಣ್ಣು ಅರ್ಧ ತೆರೆದಿತ್ತು. ನೋಡಿದವರು ಯಾರೋ ಮುದುಕರು ಬಿಸಿಲು ಕಾಯಿಸಿಕೊಳ್ಳುತ್ತಿದ್ದಾರೆ ಅಂದುಕೊಳ್ಳಬೇಕು, ಹಾಗಿದ್ದರು. ಅವರಿಗೆ ಸಕ್ಕರೆ ಕಾಯಿಲೆ ಇರುವುದು ನಮಗೆ ಗೊತ್ತಿತ್ತು. ಮಾತ್ರೆ ತೆಗೆದುಕೊಂಡು, ತಿಂಡಿ ತಿನ್ನದೆ ಮೊದಲ ಬಸ್ಸು ಹತ್ತಿದ್ದರು ಎಂಬುದು ಮಾತ್ರ ಗೊತ್ತಿರಲಿಲ್ಲ. ಮೈಯ ಸಕ್ಕರೆ ತೀರಾ ಇಳಿದುಹೋಗಿತ್ತು. ಸೊಪ್ಪಿನ ಹೆಂಗಸು ಸೊಂಟದ ಚೀಲದಿಂದ ಒಂದು ಬೆಲ್ಲದ ಚೂರು ತೆಗೆದು ಅವರ ತುಟಿಯ ಸಂದಿಗೆ ಇಟ್ಟಳು. “ನುಂಗಿ ಸಾಮಿ, ನಿಧಾನಕ್ಕೆ ನುಂಗಿ,” ಎಂದು ಮಗುವಿಗೆ ಹೇಳುವಂತೆ ಹೇಳುತ್ತಿದ್ದಳು.

ಮಧ್ಯಾಹ್ನ ನರ್ಸಿಂಗ್ ಹೋಮಿನ ಮಂಚದ ಮೇಲೆ ಗ್ಲೂಕೋಸ್ ಹನಿಯುತ್ತಿರುವಾಗ ಅವರು ನನ್ನನ್ನು ನೋಡಿ ಮೊದಲು ಕೇಳಿದ್ದು, “ಮೆಸೇಜ್ ಬಂತಾ?”

“ಬಂತು ಸರ್. ಇಪ್ಪತ್ತು ನಿಮಿಷಕ್ಕೆ ಬಂತು.”

“ಮತ್ತೆ?”

“ನನಗೆ ಕಾಣಿಸ್ಲಿಲ್ಲ ಸರ್. ನಿಮ್ಮ ಗಡಿಯಾರ ಹಿಂದಕ್ಕೆ ಹೋಗಿತ್ತು. ನಾನು ಮಾಡಿದ್ದ ಜೋಡಣೆ ಅದನ್ನ ಎಲ್ಲಕ್ಕಿಂತ ಕೆಳಗೆ ಹಾಕ್ಬಿಡ್ತು.”

ಅವರು ಬಯ್ಯಲಿಲ್ಲ.  ಸೂರು ನೋಡುತ್ತಾ, ಎಲ್ಲೋ ದೂರದಲ್ಲಿರುವವರ ದನಿಯಲ್ಲಿ ಹೇಳಿದರು. “ಹಿಮದಲ್ಲಿ ಒಂದು ಪೋಸ್ಟಲ್ಲಿದ್ದೆ. ಗಡಿಯಾರ ಯಾರು ನೋಡ್ತಿದ್ರು? ಕೈಯೆಲ್ಲ ಮರಗಟ್ಟಿರೋದು, ಹಗಲು ರಾತ್ರಿ ಒಂದೇ ಬಣ್ಣ. ನಾವು ನಂಬರ್ ಹಾಕ್ತಿದ್ವಿ. ‘ನಿಮ್ಮ ಹದಿನಾಲ್ಕು ಸಿಕ್ತು, ಹದಿಮೂರು ಸಿಕ್ಕಿಲ್ಲ.’ ಅಷ್ಟೇ ಹೇಳ್ತಿದ್ವಿ. ಎಷ್ಟು ಗಂಟೆಗೆ ಕಳ್ಸಿದ್ರಿ ಅಂತ ಯಾವತ್ತೂ ಕೇಳಿಲ್ಲ.”

ನಾನು ಅಲ್ಲಿಂದ ಕಚೇರಿಗೆ ನಡೆದೇ ಬಂದೆ. ಹದಿನಾಲ್ಕು ಸಿಕ್ತು, ಹದಿಮೂರು ಸಿಕ್ಕಿಲ್ಲ. ದಾರಿಯುದ್ದಕ್ಕೂ ಅದೇ ಮಾತು ನನ್ನ ಹೆಜ್ಜೆಯ ಜೊತೆ ಬರುತ್ತಿತ್ತು.

ಮರುದಿನ ಮುಖ್ಯಸ್ಥರ ಎದುರು ಕೂತು ಹೇಳಿದೆ. ಗಡಿಯಾರವನ್ನು ಪೂರ್ತಿ ತೆಗೆಯಬೇಕು. ಪ್ರತಿ ಸಂದೇಶಕ್ಕೂ ಕಳಿಸಿದವರ ಕ್ರಮಸಂಖ್ಯೆ ಇರಲಿ. ಅದರ ಜೊತೆಗೆ, ಬರೆಯುವ ಹೊತ್ತಿಗೆ ಅವರು ಬೇರೆಯವರದು ಎಲ್ಲಿಯವರೆಗೆ ಓದಿದ್ದರು ಎಂಬುದೂ ಇರಲಿ. ಅಷ್ಟಿದ್ದರೆ ಯಾವುದರ ಹಿಂದೆ ಯಾವುದು ಎಂದು ಗೊತ್ತಾಗುತ್ತದೆ, ನಡುವೆ ಏನು ತಪ್ಪಿದೆ ಎಂಬುದೂ ಗೊತ್ತಾಗುತ್ತದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಒಂದು ಬ್ಯಾಟರಿ ಸಡಿಲ ಆಯ್ತು ಅಂತ ಅಡಿಪಾಯ ಕೀಳ್ತೀರಾ? ಬ್ಯಾಟರಿ ಮುಚ್ಚಳ ಗಟ್ಟಿ ಮಾಡಿ.”

“ಮುಚ್ಚಳ ಗಟ್ಟಿ ಮಾಡ್ಬೋದು ಸರ್. ಗಡಿಯಾರ ತಪ್ಪೋಕೆ ಇನ್ನೂ ನೂರು ದಾರಿ ಇದೆ. ಎರಡು ಸೆಟ್ ಎರಡು ನಿಮಿಷ ಹಿಂದೆಮುಂದೆ ಇದ್ರೂ ಸಾಕು, ಮೊದಲು ಕಳ್ಸಿದ ‘ಹೊರಡಿ’ ಮೇಲೆ, ಆಮೇಲೆ ಕಳ್ಸಿದ ‘ನಿಲ್ಲಿ’ ಕೆಳಗೆ ಹೋಗತ್ತೆ.”

“ಮೂರು ವಾರದಲ್ಲಿ ಆಗಲ್ಲ.”

“ಆಗ್ದೆ ಹೋದ್ರೆ ಪ್ರಯೋಗ ಮುಂದಕ್ಕೆ ಹಾಕಿ ಅಂತ ಕೇಳೋಣ. ಈಗಿರೋದನ್ನ ಪರೀಕ್ಷೆ ಮಾಡಿದೀನಿ, ಸರಿ ಇದೆ ಅಂತ ನಾನು ಸಹಿ ಹಾಕಲ್ಲ ಸರ್.”

ಇಷ್ಟು ಹೇಳಿ ಎದ್ದು ಹೊರಗೆ ಬಂದೆ.  ಮುಖ್ಯಸ್ಥರು ಆ ಸಂಜೆ ನರ್ಸಿಂಗ್ ಹೋಮಿಗೆ ಹೋಗಿ ಸುಬೇದಾರರ ಹತ್ತಿರ ಕೂತು ಬಂದರಂತೆ. ಏನು ಮಾತಾಡಿದರೋ ತಿಳಿಯದು. ಬೆಳಿಗ್ಗೆ ನನ್ನ ಮೇಜಿನ ಹತ್ತಿರ ನಿಂತು, “ಶುರು ಮಾಡಿ,” ಎಂದಷ್ಟೇ ಹೇಳಿ ಹೋದರು.

ಕೆಲಸ ಹೇಳಿದಷ್ಟು ಸಲೀಸಾಗಿರಲಿಲ್ಲ. ಯಾರ್ಯಾರದು ಎಲ್ಲಿಯವರೆಗೆ ಓದಿದ್ದೇನೆ ಎಂಬ ಪಟ್ಟಿಯೇ ಸಂದೇಶಕ್ಕಿಂತ ದೊಡ್ಡದಾಯಿತು. ಆ ಸೆಟ್ಟುಗಳು ಒಮ್ಮೆಗೆ ಸಾಗಿಸಬಲ್ಲದ್ದು ಒಂದು ಪೋಸ್ಟ್ ಕಾರ್ಡಿನಷ್ಟು. ಅದರಲ್ಲಿ ವಿಳಾಸವೇ ತುಂಬಿಕೊಂಡರೆ ಸುದ್ದಿ ಬರೆಯುವುದೆಲ್ಲಿ? ಕೊನೆಗೆ, ಹಿಂದಿನ ಸಂದೇಶ ಕಳಿಸಿದ ಮೇಲೆ ಹೊಸದಾಗಿ ಓದಿದ್ದನ್ನು ಮಾತ್ರ ಹೇಳಿದರೆ ಸಾಕು ಎಂದು ಹೊಳೆಯಿತು. ಪಟ್ಟಿ ನಾಲ್ಕಾರು ಅಂಕೆಗಳಿಗೆ ಇಳಿಯಿತು.

ಆಮೇಲೆ ನಾನೊಂದು ದಡ್ಡ ಕೆಲಸ ಮಾಡಿದೆ. ಯಾವ ಸಂದೇಶವೂ ತನಗಿಂತ ಹಿಂದಿನದು ಬರುವವರೆಗೆ ಪರದೆಗೆ ಬರಬಾರದು ಎಂದು ಕಟ್ಟುಮಾಡಿದೆ. ಕ್ರಮ ತಪ್ಪಿತು ಎಂಬ ಮಾತೇ ಬರುವುದಿಲ್ಲ ಎಂದು ಸಮಾಧಾನಪಟ್ಟೆ. ಮೊದಲ ಬೆಳಿಗ್ಗೆಯ ಪರೀಕ್ಷೆಯಲ್ಲಿ ಆಟೋದ ಸೆಟ್ಟಿನ ಬ್ಯಾಟರಿ ಮುಗಿದು ಅದು ಮಲಗಿಬಿಟ್ಟಿತು. ಅದರೊಳಗೆ ಒಂದು ಸಂದೇಶ ಸಿಕ್ಕಿಕೊಂಡಿತ್ತು. ಆ ಒಂದಕ್ಕಾಗಿ ಅದರ ನಂತರದವೆಲ್ಲ ಎಲ್ಲ ಸೆಟ್ಟುಗಳಲ್ಲೂ ಬಾಗಿಲ ಹೊರಗೆ ನಿಂತವು. ಒಂದು ಗಂಟೆ ಹೊತ್ತು ಯಾರ ಪರದೆಯ ಮೇಲೂ ಒಂದಕ್ಷರ ಮೂಡಲಿಲ್ಲ. ನಾನು ಹದಿನೈದನೇ ಕ್ರಾಸಿನಲ್ಲಿ ಬಿದ್ದ ಎಲೆಗಳ ನಡುವೆ ನಿಂತಿದ್ದೆ. ಊರು ತನ್ನ ಪಾಡಿಗೆ ಏಳುತ್ತಿತ್ತು, ಹೂವಿನವರು ಕೂಗಿಕೊಂಡು ಹೋದರು, ಯಾರದೋ ಮನೆಯಲ್ಲಿ ಕುಕ್ಕರ್ ಸಿಳ್ಳೆ ಹಾಕಿತು. ನಮ್ಮ ಸೆಟ್ಟುಗಳೊಳಗೆ ಮಾತ್ರ ಮಾತುಗಳೆಲ್ಲ ಉಸಿರು ಹಿಡಿದು ಕೂತಿದ್ದವು.

ಸುಬೇದಾರರು ಅಷ್ಟರಲ್ಲಿ ಮರಳಿ ಬಂದಿದ್ದರು, ಜೇಬಿನಲ್ಲಿ ಬಿಸ್ಕತ್ತಿನ ಪೊಟ್ಟಣ ಇಟ್ಟುಕೊಂಡು. ನಾನು ನಡೆದದ್ದನ್ನು ಹೇಳಿದಾಗ ತಲೆ ಅಲ್ಲಾಡಿಸಿದರು.

“ತಡೀಬೇಡಮ್ಮ. ಬಂದಿದ್ದನ್ನ ಬಂದಹಾಗೆ ತೋರ್ಸು. ಅದರ ಪಕ್ಕದಲ್ಲೇ ಏನು ಬಂದಿಲ್ಲ ಅನ್ನೋದನ್ನೂ ತೋರ್ಸು. ಹೋಗ್ಬೇಕಾ, ನಿಲ್ಬೇಕಾ ಅಂತ ಅಲ್ಲಿರೋನು ನೋಡ್ಕೊತಾನೆ. ಅವನ ಕಣ್ಣು ಕಟ್ಟೋಕೆ ನಾವ್ಯಾರು?”

ಹಾಗೇ ಮಾಡಿದೆ. ಬಂದ ಸಂದೇಶದ ಕೆಳಗೆ, ಅದೇ ಅಳತೆಯ ಅಕ್ಷರಗಳಲ್ಲಿ, ಇಂಥದ್ದು ಇನ್ನೂ ಬಂದಿಲ್ಲ ಎಂಬ ಒಂದು ಸಾಲು. ಗೋಡೆಯ ಪರದೆಯ ಅಂದ ಹೋಯಿತು. ಮುಖ್ಯಸ್ಥರು ಅದನ್ನು ನೋಡಿ ಒಳಗೆ ಹೋದರು.

ಪ್ರಯೋಗ ನಡೆದದ್ದು ಊರಿಂದ ಬಹಳ ದೂರ, ಬಂಡೆಗಳ ಬಯಲಿನಲ್ಲಿ. ಎಲ್ಲಿ ಎಂದು ಹೇಳುವ ಹಾಗಿಲ್ಲ. ಗುಡ್ಡದ ನೆತ್ತಿಯ ಮೇಲೆ ಡೇರೆ ಹಾಕಿದ್ದರು. ಅಲ್ಲಿ ಸಮಿತಿಯ ಅಧಿಕಾರಿ, ನಮ್ಮ ಮುಖ್ಯಸ್ಥರು, ಸುಬೇದಾರರು, ನಾನು. ಕೆಳಗಿನ ಬಯಲಿನಲ್ಲಿ ಒಬ್ಬ ಹವಾಲ್ದಾರರು ಆರು ಜನರನ್ನು ಕರೆದುಕೊಂಡು ನಡೆಯಬೇಕು. ಇನ್ನೊಂದು ತುಕಡಿ ಗುಡ್ಡದಿಂದ ಇಳಿಯುವ ಉದ್ದನೆಯ ದಿಣ್ಣೆಯ, ಏಣಿನ, ಆಚೆ ಬದಿಯಲ್ಲಿತ್ತು. ಡೇರೆಯಿಂದ ಆದೇಶಗಳು ಹೋಗುತ್ತವೆ. ನಡುವೆ ಸಮಿತಿಯವರು ಬೇಕೆಂದೇ ಕೆಲವು ಸೆಟ್ಟುಗಳನ್ನು ಬಂದ್ ಮಾಡುತ್ತಾರೆ, ತರಂಗ ಕೆಡಿಸುತ್ತಾರೆ.

ಮಧ್ಯಾಹ್ನದವರೆಗೆ ಎಲ್ಲ ಸುಗಮವಾಗಿತ್ತು. ಆಮೇಲೆ ಎರಡು ಆದೇಶಗಳು ಹೊರಟವು. ಒಂಬತ್ತನೆಯದು: ಕಲ್ಲುಗಣಿಯ ದಾರಿ ಬಿಡಿ, ಬಲಕ್ಕೆ ಸುತ್ತಿ ಹೋಗಿ. ಹತ್ತನೆಯದು: ಮುಂದುವರಿಯಿರಿ. ಒಂಬತ್ತನೆಯದು ಹೊರಟ ಕೂಡಲೇ ನಡುವಿನ ಸೆಟ್ಟನ್ನು ಬಂದ್ ಮಾಡಿದರು. ಆ ಆದೇಶ ಏಣಿನ ಆಚೆಯ ತುಕಡಿಗೆ ಹೋಗಿ ಅಲ್ಲೇ ಉಳಿಯಿತು. ಹತ್ತನೆಯದು ಬೇರೆ ದಾರಿ ಹಿಡಿದು ನೇರ ಹವಾಲ್ದಾರರನ್ನು ಮುಟ್ಟಿತು.

ದುರ್ಬೀನಿನಲ್ಲಿ ನೋಡಿದೆ. ಏಳು ಜನರೂ ಕಲ್ಲುಗಣಿಯ ಬಾಯಿಗೆ ಒಂದು ಕೂಗಳತೆಯಲ್ಲಿದ್ದರು. ಗಣಿಯೊಳಗೆ ಸಮಿತಿಯವರ ಜನ ಹೊಂಚುಹಾಕಿ ಕೂತಿದ್ದರು. ಇವರು ಒಳಗೆ ಕಾಲಿಟ್ಟರೆ ಕೆಂಪು ಬಾವುಟ ಎತ್ತುತ್ತಾರೆ, ಏಳೂ ಜನ ಸತ್ತರು ಎಂದು ಲೆಕ್ಕ. ಹವಾಲ್ದಾರರು ಸೆಟ್ ನೋಡಿದರು. ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು. ಆಮೇಲೆ ಒಂದು ಬಂಡೆಯ ನೆರಳಿನಲ್ಲಿ ಕೂತುಬಿಟ್ಟರು.

“ಯಾಕೆ ಕೂತ್ರು?” ಎಂದು ಅಧಿಕಾರಿ ಕೇಳಿದರು. “ಹೋಗು ಅಂತ ಆರ್ಡರ್ ತಲುಪಿದೆ ಅಲ್ವಾ?”

ಮುಖ್ಯಸ್ಥರು ನನ್ನ ಕಡೆ ನೋಡಿದರು. “ತಲುಪಿದೆ ಸರ್. ಅದರ ಹಿಂದಿನದು ತಲುಪಿಲ್ಲ ಅನ್ನೋದೂ ಅವರಿಗೆ ಕಾಣಿಸ್ತಿದೆ.”

“ಹೀಗೆ ಅನುಮಾನ ಹುಟ್ಟಿಸಿದ್ರೆ ಸಿಪಾಯಿ ನಡಿಯೋದು ಹೇಗೆ?”

ಬಯಲಿನ ಮೇಲೆ ಬಿಸಿಗಾಳಿ ನಡುಗುತ್ತಿತ್ತು. ಅದರೊಳಗೆ ಕೂತ ಏಳು ಜನ ನೀರಿನ ಅಡಿಯಲ್ಲಿದ್ದ ಹಾಗೆ ಅಲುಗುತ್ತಿದ್ದರು. ಮೇಲೆ ಒಂದು ಹದ್ದು ಸುತ್ತುತ್ತಿತ್ತು. ಎಷ್ಟು ಹೊತ್ತಾಯಿತೋ, ನಾನು ಗಡಿಯಾರ ನೋಡಲಿಲ್ಲ. ಕೊನೆಗೆ ಏಣಿನ ಮೇಲೆ ಆಚೆಯ ತುಕಡಿಯ ಮೊದಲ ತಲೆ ಕಾಣಿಸಿತು. ಅವರು ದಾಟಿ ಈ ಬದಿಗೆ ಇಳಿಯುತ್ತಿದ್ದರು. ಅವರ ಸೆಟ್ಟಿನಲ್ಲಿ ಒಂಬತ್ತನೆಯದು ಇತ್ತು.

ಹವಾಲ್ದಾರರು ಸೆಟ್ಟಿನ ಕಡೆ ಬಗ್ಗಿದರು. ಎದ್ದರು. ಕಲ್ಲುಗಣಿಯ ಕಡೆ ಒಮ್ಮೆ ನೋಡಿ, ತಮ್ಮವರನ್ನು ಕರೆದುಕೊಂಡು ಬಲಕ್ಕೆ ತಿರುಗಿದರು.

ಅಧಿಕಾರಿ ದುರ್ಬೀನು ಇಳಿಸಿ ಏನೋ ಬರೆದುಕೊಂಡರು. ಸುಬೇದಾರರು ಡೇರೆಯ ಹಗ್ಗ ಹಿಡಿದು ನಿಂತಿದ್ದವರು ಹಗ್ಗ ಬಿಟ್ಟು ನೆಲದ ಮೇಲೆ ಕೂತರು.

ಸಂಜೆ ಚಹಾ ಹೊತ್ತಿಗೆ ಹವಾಲ್ದಾರರು ನನ್ನ ಹತ್ತಿರ ಬಂದರು. ಬಾಗಲಕೋಟೆ ಕಡೆಯವರು. “ಮೇಡಮ್ಮರ, ಇದನ್ನ ಮಾಡಿದವರು ನೀವೇನ್ರಿ?”

“ನಾವು ಸುಮಾರು ಜನ ಇದೀವಿ. ಯಾಕೆ, ತೊಂದರೆ ಆಯ್ತಾ?”

“ಇಲ್ರಿ. ಇಷ್ಟು ವರ್ಷ ಎಷ್ಟೋ ಸೆಟ್ ಹೊತ್ತೀನಿ. ಎಲ್ಲಾ ಸೆಟ್ಟೂ ತನಗ ಎಲ್ಲಾ ಗೊತ್ತೈತಿ ಅಂತನ ಮಾತಾಡತಾವ. ತನಗ ಗೊತ್ತಿಲ್ಲಾ ಅಂತ ಬಾಯಿಬಿಟ್ಟು ಹೇಳಿದ್ದು ಇದೊಂದ ನೋಡ್ರಿ.” ಇಷ್ಟು ಹೇಳಿ ಅವರು ಚಹಾ ಲೋಟ ಇಟ್ಟು ತಮ್ಮವರ ಕಡೆ ಹೋದರು.

ಮರುದಿನ ಬೆಳಿಗ್ಗೆ ಹಸ್ತಾಂತರ. ಸೈನ್ಯದ ತಂತ್ರಜ್ಞರೊಬ್ಬರು ಸೆಟ್ಟುಗಳಿಗೆಲ್ಲ ತಮ್ಮದೇ ಗುಪ್ತ ಕೀಲಿಗಳನ್ನು ಹಾಕಿದರು. ಇನ್ನು ಮುಂದೆ ಅವರ ಸಂದೇಶಗಳನ್ನು ಕೀಲಿ ಇದ್ದ ಸೆಟ್ಟು ಮಾತ್ರ ಓದಬಲ್ಲದು, ಉಳಿದವು ಹೊತ್ತು ಮುಟ್ಟಿಸಬಹುದು ಅಷ್ಟೇ. ನನ್ನ ಹೆಗಲಲ್ಲಿದ್ದ ಸೆಟ್ಟಿಗೆ ಕೀಲಿ ಹಾಕಲಿಲ್ಲ, ಹಾಕುವ ಹಾಗೂ ಇರಲಿಲ್ಲ. ಅದನ್ನು ಕೊನೆಯಲ್ಲಿ ತೆಗೆದುಕೊಳ್ಳುತ್ತೇವೆ ಎಂದರು.

ನಾನು ಡೇರೆಯಿಂದ ಸ್ವಲ್ಪ ದೂರ ನಡೆದು ಏಣಿನ ಮೇಲೆ ನಿಂತೆ. ಎರಡೂ ಬದಿಯ ಇಳಿಜಾರಿನಲ್ಲಿ ಜನ ಓಡಾಡುತ್ತಿದ್ದರು, ತಮ್ಮ ಕೀಲಿಗಳನ್ನು ತಾವೇ ಪರೀಕ್ಷಿಸುತ್ತಾ. ಆ ಬದಿಯವರಿಗೆ ಈ ಬದಿಯವರು ಕೇಳುವುದಿಲ್ಲ. ನಡುವೆ ಇದ್ದದ್ದು ನಾನೊಬ್ಬಳು. ಹೆಗಲ ಮೇಲೆ ಸೆಟ್ ಸಣ್ಣಗೆ ಅದುರಿತು. ಪರದೆ ನೋಡಿದೆ. ಖಾಲಿ. ಯಾರೋ ಯಾರಿಗೋ ಹೇಳಿದ ಮಾತು ನನ್ನಲ್ಲಿಗೆ ಬಂದು, ಆಚೆ ಬದಿಗೆ ಹೋಗುವುದಕ್ಕೆ ಕಾಯುತ್ತಿತ್ತು. ನಾನು ಕದಲಿದರೆ ದಾರಿ ಕಡಿಯುತ್ತದೆ. ಏನು ಹೇಳಿದ್ದಾರೋ, ಅವಸರದ್ದೋ ಅಲ್ಲವೋ, ನನಗೆ ತಿಳಿಯುವ ಹಾಗಿರಲಿಲ್ಲ. ಗಾಳಿಯಲ್ಲಿ ಸೆರಗು ಹಿಡಿದುಕೊಂಡು, ಅದು ದಾಟಿತೆಂದು ಸೆಟ್ ಮತ್ತೊಮ್ಮೆ ಅದುರುವವರೆಗೆ ನಾನು ಅಲ್ಲೇ ನಿಂತಿದ್ದೆ.